ಮನೆಯವರ ಹಾಗೆ ಒಬ್ಬರು

ಪ್ರೀತಿ ಅಂದ ಕೂಡಲೇ ಹೆದರಿ ಓಡಬೇಡಿ. ಇದು ಫೆಬ್ರವರಿ ಹದಿನಾಲ್ಕರ ಗುಲಾಬಿ ಬರಹ ಅಲ್ಲ. ಕವನವೂ ಇಲ್ಲ, ಆಣೆ! ಕೆಲವು ದಿನಗಳಿಂದ ತಲೆಯೊಳಗೆ ಒಂದು ಪ್ರಶ್ನೆ ಕೊರೀತಾ ಇದೆ, ಅದನ್ನ ಇಲ್ಲಿ ಇಳಿಸಿಬಿಡೋಣ ಅಂತ ಕೂತಿದ್ದೇನೆ. ಪ್ರಶ್ನೆ ಸರಳ. ಮನುಷ್ಯ ಇನ್ನೊಬ್ಬನ ಜೊತೆ ಒಳ್ಳೆಯ ರೀತಿಯಲ್ಲಿ ನಡೆದುಕೊಳ್ಳೋದು ಯಾತರ ಬಲದಿಂದ? ನಿಯಮದ ಬಲವೋ, ಭಯದ ಬಲವೋ, ಅಥವಾ ಪ್ರೀತಿಯದೋ?

ದುಬೈನಲ್ಲಿ ಇರುವವರಿಗೆ ಮೊದಲು ಹೊಳೆಯೋ ಉತ್ತರ ನಿಯಮವೇ. ಇಲ್ಲಿ ಮೆಟ್ರೋದೊಳಗೆ ಒಂದು ಬಿಸ್ಕತ್ತು ತಿಂದರೂ ನೂರು ದಿರ್ಹಂ ದಂಡ. ರಸ್ತೆ ದಾಟಬಾರದ ಕಡೆ ದಾಟಿದರೆ ದಂಡ. ಸ್ಪೀಡಾದರೆ ಕ್ಯಾಮೆರಾ, ಕ್ಯಾಮೆರಾ ಆದಮೇಲೆ ಮೊಬೈಲಿಗೆ ಮೆಸೇಜು. ಊರಿನಲ್ಲಿ ಸರದಿ ಸಾಲು ಅಂದರೆ ಏನೂಂತ ಗೊತ್ತಿಲ್ಲದ ನಮ್ಮವರೇ ಇಲ್ಲಿಗೆ ಬಂದು ವಾರದೊಳಗೆ ಶಿಸ್ತಿನ ಸಿಪಾಯಿಗಳಾಗಿಬಿಡ್ತಾರೆ. ವಾರದಲ್ಲಿ ಮೂರು ದಿನ ನಾನು ಇಬ್ನ್ ಬತೂತಾದಿಂದ ಅಬುಧಾಬಿಗೆ ಬಸ್ಸಿನಲ್ಲಿ ಆಫೀಸಿಗೆ ಹೋಗಿ ಬರುವವನು. ಆ ಒಂದೂವರೆ ಎರಡು ಗಂಟೆಯಲ್ಲಿ ಯಾರೂ ಯಾರನ್ನೂ ತಳ್ಳುವುದಿಲ್ಲ, ಯಾರೂ ಜಗಳ ಆಡುವುದಿಲ್ಲ. ನಿಯಮ ಚೆನ್ನಾಗಿಯೇ ಕೆಲಸ ಮಾಡುತ್ತೆ. ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು, ನಿಯಮದ ಬಗ್ಗೆ ನನಗೆ ಗೌರವ ಜಾಸ್ತಿಯೇ.

ಆದರೆ ಎಲ್ಲವೂ ಸರಿಯಾಗಿ ನಡೀತಿರುವಾಗ ಒಳ್ಳೆಯವರಾಗಿರೋದು ದೊಡ್ಡ ವಿಷಯ ಅಲ್ಲವಲ್ಲ. ಒಬ್ಬ ಮನುಷ್ಯನ ಮೇಲೆ ಆಕಾಶ ಕಳಚಿ ಬಿದ್ದಾಗ, ಅವನ ಪಕ್ಕದಲ್ಲಿರುವವನು ಏನು ಮಾಡ್ತಾನೆ ಅನ್ನೋದು ನಿಜವಾದ ಪರೀಕ್ಷೆ. ಆಗ ಯಾವ ದಂಡವೂ ಅವನನ್ನು ಒತ್ತಾಯಿಸುವುದಿಲ್ಲ. ಎದ್ದು ಹೋಗಬಹುದು, ಯಾರೂ ಕೇಳೋದಿಲ್ಲ. ಹಾಗಿದ್ದೂ ಕೆಲವರು ಎದ್ದು ಹೋಗುವುದಿಲ್ಲ. ಯಾಕೆ?

ಇದನ್ನ ಗಾಳಿಯಲ್ಲಿ ಯೋಚಿಸಿದರೆ ಪ್ರವಚನ ಆಗಿಬಿಡುತ್ತೆ. ಹಾಗಾಗಿ ಗಲ್ಫಿನಲ್ಲಿರುವ ನಾವ್ಯಾರೂ ಬಾಯಿಬಿಟ್ಟು ಮಾತಾಡದ, ಆದರೆ ಎಲ್ಲರಿಗೂ ಒಳಗೊಳಗೇ ಭಯ ಇರುವ ಒಂದು ವಿಷಯ ತಗೊಳ್ತೇನೆ. ಇಲ್ಲಿ ಸತ್ತರೆ ಏನಾಗುತ್ತೆ?

ಯುಎಇಯಲ್ಲಿ ಇರುವ ಭಾರತೀಯರು 35 ಲಕ್ಷಕ್ಕೂ ಹೆಚ್ಚು. ಇಷ್ಟು ಜನ ಇದ್ದಮೇಲೆ ಸಾವೂ ಇರುತ್ತೆ. ಹೃದಯಾಘಾತ, ರಸ್ತೆ ಅಪಘಾತ, ಕಟ್ಟಡದ ಮೇಲಿಂದ ಬಿದ್ದದ್ದು, ಕೆಲವೊಮ್ಮೆ ಆತ್ಮಹತ್ಯೆ. ಊರಿನಲ್ಲಿ ಯಾರಾದರೂ ಹೋದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಅರ್ಧ ಗಂಟೆಯೊಳಗೆ ಅಂಗಳದ ತುಂಬ ಜನ. ಒಬ್ಬ ಚಟ್ಟಕ್ಕೆ ಬಿದಿರು ಕಡೀತಾನೆ, ಒಬ್ಬ ನೆಂಟರಿಗೆ ಫೋನ್ ಮಾಡ್ತಾನೆ, ಪಕ್ಕದ ಮನೆಯಾಕೆ ಮಕ್ಕಳಿಗೆ ಗಂಜಿ ಕುಡಿಸುತ್ತಾಳೆ. ಯಾರೂ ಯಾರಿಗೂ ಕೆಲಸ ಹಂಚುವುದಿಲ್ಲ, ಎಲ್ಲ ತಾನಾಗಿ ನಡೆಯುತ್ತೆ.

ಇಲ್ಲಿ ಹಾಗಲ್ಲ. ಇಲ್ಲಿ ಅದೊಂದು ಫ್ಲೋಚಾರ್ಟು. ಆಸ್ಪತ್ರೆಯಿಂದ ಸಾವಿನ ವರದಿ ಆಗಬೇಕು. ಪೊಲೀಸರ ಅನುಮತಿ ಆಗಬೇಕು. ಆರೋಗ್ಯ ಇಲಾಖೆಯಿಂದ ಮರಣ ಪ್ರಮಾಣಪತ್ರ. ಅದನ್ನು ತಗೊಂಡು ದೂತಾವಾಸಕ್ಕೆ ಹೋದರೆ ಅಲ್ಲಿ ಸಾವನ್ನು ನೋಂದಾಯಿಸಿ, ಪಾಸ್‌ಪೋರ್ಟ್ ರದ್ದು ಮಾಡಿ, ಆಕ್ಷೇಪಣೆ ಇಲ್ಲ ಅಂತ ಪತ್ರ ಕೊಡ್ತಾರೆ. ವೀಸಾ ರದ್ದಾಗಬೇಕು. ಮನೆಯವರ ಒಪ್ಪಿಗೆ ಪತ್ರ ಊರಿನಿಂದ ಬರಬೇಕು. ಆಮೇಲೆ ದೇಹ ಕೆಡದಂತೆ ಮಾಡುವ ಎಂಬಾಮಿಂಗ್, ಅದರದ್ದೊಂದು ಸರ್ಟಿಫಿಕೇಟು. ಪೆಟ್ಟಿಗೆ. ಕೊನೆಗೆ ವಿಮಾನದ ಕಾರ್ಗೋ ಬುಕಿಂಗು. ಒಂದು ಕಾಗದ ಬರದೆ ಇನ್ನೊಂದು ಕಾಗದ ಇಲ್ಲ.

ಈ ಫ್ಲೋಚಾರ್ಟಿನ ಒಂದೊಂದು ಬಾಣದ ಗುರುತಿನ ಮೇಲೂ ಯಾರಾದರೂ ಒಬ್ಬ ಮನುಷ್ಯ ತನ್ನ ಕಾಲಿನಲ್ಲಿ ನಡೆಯಬೇಕು. ಸತ್ತವನಂತೂ ನಡೆಯಲಾರ. ಹೆಂಡತಿ ಮಕ್ಕಳು ಎರಡೂವರೆ ಸಾವಿರ ಕಿಲೋಮೀಟರ್ ಆಚೆ. ಹಾಗಾದರೆ ನಡೆಯೋದು ಯಾರು?

ಗಲ್ಫಿನವರಿಗೆ ಅಶ್ರಫ್ ತಾಮರಶ್ಶೇರಿ ಅನ್ನೋ ಹೆಸರು ಗೊತ್ತಿರುತ್ತೆ. ಗೊತ್ತಿಲ್ಲದವರಿಗಾಗಿ ಹೇಳ್ತೇನೆ. ಕೇರಳದ ಕೋಝಿಕ್ಕೋಡ್ ಜಿಲ್ಲೆಯ ತಾಮರಶ್ಶೇರಿಯವರು, ಅಜ್ಮಾನಿನಲ್ಲಿ ಗ್ಯಾರೇಜು ನಡೆಸುತ್ತಿದ್ದವರು. 2000ದ ಸುಮಾರಿಗೆ ಶಾರ್ಜಾದ ಕುವೈತ್ ಆಸ್ಪತ್ರೆಗೆ ಪರಿಚಿತರೊಬ್ಬರನ್ನು ನೋಡಲು ಹೋಗಿದ್ದರಂತೆ. ಹೊರಗೆ ಬರುವಾಗ ಇಬ್ಬರು ಅಳುತ್ತಾ ನಿಂತಿದ್ದರು. ಅವರ ತಂದೆ ತೀರಿಹೋಗಿದ್ದರು, ದೇಹವನ್ನು ಊರಿಗೆ ಕಳಿಸುವುದು ಹೇಗೆ ಅಂತ ಗೊತ್ತಿಲ್ಲ. ಅಶ್ರಫರಿಗೂ ಗೊತ್ತಿರಲಿಲ್ಲ. ಆದರೂ ಜೊತೆಯಲ್ಲಿ ಹೋದರು, ಕೇಳಿ ಕೇಳಿ ಒಂದೊಂದೇ ಕಾಗದ ಮಾಡಿಸಿದರು. ಅಲ್ಲಿಂದ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಇಷ್ಟು ವರ್ಷಗಳಲ್ಲಿ ಸಾವಿರಾರು ದೇಹಗಳು, ಹತ್ತಾರು ದೇಶಗಳಿಗೆ. ಅದಕ್ಕೆ ಸಂಬಳ ಇಲ್ಲ. 2015ರಲ್ಲಿ ಭಾರತ ಸರ್ಕಾರ ಅವರಿಗೆ ಪ್ರವಾಸಿ ಭಾರತೀಯ ಸಮ್ಮಾನ್ ಕೊಟ್ಟಿತು.

2018ರ ಫೆಬ್ರವರಿಯಲ್ಲಿ ನಟಿ ಶ್ರೀದೇವಿ ದುಬೈಯಲ್ಲಿ ತೀರಿಕೊಂಡಾಗ ಅವರ ದೇಹ ಕಳಿಸುವ ಕಾಗದಗಳ ಹಿಂದೆ ಓಡಾಡಿದವರೂ ಇವರೇ. ಟೀವಿಯವರೆಲ್ಲ ಮುಹೈಸಿನಾದ ಗೇಟಿನ ಹೊರಗೆ ಕ್ಯಾಮೆರಾ ಇಟ್ಟು ಕಾಯುತ್ತಿದ್ದರು. ಅದೇ ಹೊತ್ತಿನಲ್ಲಿ ಅಶ್ರಫರು ಹೆಸರೇ ಕೇಳದ ಇನ್ನೂ ಕೆಲವರನ್ನು ಅವರವರ ಊರಿಗೆ ಕಳಿಸಿದರು. ಕಾಗದಗಳು ಒಂದೇ, ಬಾಗಿಲೂ ಒಂದೇ. ನನಗೆ ಅವರ ಬಗ್ಗೆ ಬಹಳ ಇಷ್ಟವಾದ ಸಂಗತಿ ಇದು.

ಮುಹೈಸಿನಾ ಅನ್ನೋದು ಸರ್ಕಾರಿ ಹೆಸರು. ಕಾರ್ಮಿಕರ ಬಾಯಲ್ಲಿ ಅದು ಸೋನಾಪುರ. ಚಿನ್ನದ ಊರು! ಸಾವಿರಾರು ಕೂಲಿ ಕಾರ್ಮಿಕರ ಕ್ಯಾಂಪುಗಳು ಇರೋದೂ ಅಲ್ಲಿಯೇ, ದೇಹಗಳನ್ನು ಎಂಬಾಮ್ ಮಾಡೋದೂ ಅಲ್ಲಿಯೇ. ಆ ಹೆಸರನ್ನು ಯಾರು ಇಟ್ಟರೋ, ನಗಬೇಕೋ ಅಳಬೇಕೋ ಗೊತ್ತಾಗೋದಿಲ್ಲ.

ನಾನು ಅಲ್ಲಿಗೆ ಹೋದದ್ದು ಒಂದೇ ಸಲ. ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಬಂತು: ರಾಯಚೂರು ಕಡೆಯ ಒಬ್ಬರು ಅಲ್ ಕೂಝ್ ಕ್ಯಾಂಪಿನಲ್ಲಿ ತೀರಿಕೊಂಡಿದ್ದಾರೆ, ಮನೆಯವರ ಹತ್ತಿರ ಕನ್ನಡದಲ್ಲಿ ಮಾತಾಡಿ ಕಾಗದ ಬರೆಸೋಕೆ ಯಾರಾದರೂ ಬೇಕು. ಓಡಾಡುತ್ತಿದ್ದವರು ಮಲಯಾಳಿಗಳು, ಅವರಿಗೆ ಕನ್ನಡ ಬಾರದು. ಆ ಮನೆಯವರಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ನನಗೆ ಅವತ್ತು ರಜೆ ಇತ್ತು, ಹಾಗಾಗಿ ನಾನು. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಸತ್ತವರು ಶಟರಿಂಗ್ ಕೆಲಸದವರು, ನಲವತ್ತರ ಆಸುಪಾಸು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅವರ ಹೆಂಡತಿಗೆ ಫೋನ್ ಮಾಡಿ, ಒಪ್ಪಿಗೆ ಪತ್ರದಲ್ಲಿ ಏನು ಬರೀಬೇಕು, ನೋಟರಿ ಹತ್ತಿರ ಹೇಗೆ ಸಹಿ ಮಾಡಿಸಬೇಕು, ಆಧಾರ್ ಕಾರ್ಡಿನ ಫೋಟೋ ಹೇಗೆ ಕಳಿಸಬೇಕು ಅಂತ ಒಂದೊಂದೇ ಹೇಳಿದೆ. ಆಯಮ್ಮ ಎಲ್ಲದಕ್ಕೂ "ಹೂಂ ರೀ" ಅಂತಿದ್ದರು. ಅಳುವೂ ಇಲ್ಲ, ಪ್ರಶ್ನೆಯೂ ಇಲ್ಲ. ದುಡ್ಡಿನ ಬಗ್ಗೆ ಕೇಳಬಹುದು, ಕಂಪನಿಯಿಂದ ಏನು ಬರುತ್ತೆ ಅಂತ ಕೇಳಬಹುದು ಅಂತ ನಾನು ಉತ್ತರ ಜೋಡಿಸಿಕೊಂಡಿದ್ದೆ. ಎಲ್ಲ ಮುಗಿದು ಫೋನ್ ಇಡಬೇಕು ಅನ್ನುವಾಗ ಒಂದೇ ಒಂದು ಮಾತು ಕೇಳಿದರು.

"ಅಣ್ಣಾರ, ಅವ್ರ ಹತ್ರ ಮನಿಯವರಂಗ ಒಬ್ರರ ಇದ್ರೇನ್ರಿ?"

ನನಗೆ ಅರ್ಥ ಆಗೋಕೆ ಒಂದು ಕ್ಷಣ ಹಿಡೀತು. ನಾನು ಕರಾವಳಿಯವನು, ಆ ಭಾಷೆ ನಿಧಾನ ತಲೆಗೆ ಹತ್ತುತ್ತೆ. ದೇಹ ಯಾವಾಗ ಬರುತ್ತೆ ಅಂತ ಆಕೆ ಕೇಳುತ್ತಿರಲಿಲ್ಲ. ತನ್ನ ಗಂಡನ ಕೊನೆಯ ಹೊತ್ತಿಗೆ, ಅಥವಾ ಆಮೇಲಾದರೂ, ಮನೆಯವರ ಹಾಗೆ ನೋಡಿಕೊಳ್ಳುವ ಒಬ್ಬ ಮನುಷ್ಯ ಪಕ್ಕದಲ್ಲಿ ಇದ್ದನಾ ಅಂತ ಕೇಳುತ್ತಿದ್ದರು.

ಇದ್ದರು. ಅದು ನನಗೆ ಗೊತ್ತಾದದ್ದು ಮಾರನೇ ದಿನ ಮುಹೈಸಿನಾದಲ್ಲಿ. ಅಲ್ಲಿ ಬೆಂಚಿನ ಮೇಲೆ ಒಬ್ಬ ಪಠಾಣ ಕೂತಿದ್ದ. ಪೆಶಾವರದ ಕಡೆಯವನು, ಅದೇ ಕ್ಯಾಂಪಿನಲ್ಲಿ ಡ್ರೈವರು, ಒಂದೇ ಕೋಣೆ. ರಾತ್ರಿ ಪಾಳಿ ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಕಮೀಜು ಹಾಕಿಕೊಂಡು ಬಂದಿದ್ದ. ಬೆಳಿಗ್ಗೆ ಎಬ್ಬಿಸೋಕೆ ಹೋಗಿ ಮೊದಲು ಗೊತ್ತಾದದ್ದು ಅವನಿಗೇ. ಆಂಬುಲೆನ್ಸಿನ ಹಿಂದೆಯೇ ಆಸ್ಪತ್ರೆಗೂ ಹೋಗಿದ್ದ. ಇಲ್ಲಿ ಅವನಿಂದ ಯಾವ ಸಹಿಯೂ ಬೇಕಿರಲಿಲ್ಲ, ಯಾವ ಕೌಂಟರಿನಲ್ಲೂ ಅವನ ಕೆಲಸ ಇರಲಿಲ್ಲ. ಯಾಕೆ ಬಂದೆ ಭಾಯಿ ಅಂತ ಕೇಳಿದರೆ ಹಿಂದಿಯಲ್ಲಿ ಹೇಳಿದ್ದು ಇಷ್ಟು: ದಿನಾ ಬೆಳಿಗ್ಗೆ ನನಗೂ ಸೇರಿಸಿ ಚಾ ಮಾಡ್ತಿದ್ದವನು ಅವನು, ಇವತ್ತು ಅವನನ್ನ ಒಬ್ಬನೇ ಹೇಗೆ ಕಳಿಸಲಿ?

ಪೆಟ್ಟಿಗೆ ಮುಚ್ಚುವ ಮೊದಲು ಮುಖ ನೋಡಬಹುದು ಅಂದರು. ಅವನು ಒಳಗೆ ಹೋಗಿ ನೋಡಿ ಬಂದ. ಆಮೇಲೆ ಕ್ಯಾಂಪಿಗೆ ಹೊರಟ, ಸಂಜೆ ಮತ್ತೆ ಡ್ಯೂಟಿ ಇತ್ತು. ದೇಹ ಅವತ್ತು ರಾತ್ರಿಯೇ ಹೈದರಾಬಾದಿಗೆ ಹೋಯಿತು, ಅಲ್ಲಿಂದ ಆಂಬುಲೆನ್ಸಿನಲ್ಲಿ ಊರಿಗೆ. ನಾನು ಆಯಮ್ಮನಿಗೆ ಫೋನ್ ಮಾಡಿ, ಇದ್ದರಮ್ಮ, ಮನೆಯವರ ಹಾಗೆ ಒಬ್ಬರು ಇದ್ದರು ಅಂತ ಹೇಳಿದೆ. ಆಗ ಅತ್ತರು. ಮೊದಲ ಸಲ.

ಭಾರತ ಪಾಕಿಸ್ತಾನ ಅಂತ ದೊಡ್ಡ ದೊಡ್ಡ ಮಾತು ಸೇರಿಸಿ ಈ ಕಥೆಯನ್ನು ಕೆಡಿಸೋದು ಬೇಡ. ಆ ಡ್ರೈವರಿಗೆ ಅದು ತಲೆಗೇ ಬಂದಿರಲಿಕ್ಕಿಲ್ಲ. ಆದರೆ ನನ್ನ ಮೊದಲಿನ ಪ್ರಶ್ನೆಗೆ ಅವನನ್ನು ಇಟ್ಟು ನೋಡಿ. ಅವನನ್ನು ಆ ಬೆಂಚಿಗೆ ಕರೆತಂದ ನಿಯಮ ಯಾವುದು? ಯಾವುದೂ ಇಲ್ಲ. ಭಯ? ಬಾರದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಲಾಭ? ಒಂದು ಹಗಲಿನ ನಿದ್ದೆ ಹೋದದ್ದೇ ಬಂತು. ಉಳಿಯೋದು ಒಂದೇ. ಅದಕ್ಕೆ ಪ್ರೀತಿ ಅನ್ನದೆ ಬೇರೆ ಏನನ್ನಬೇಕು ಅಂತ ನನಗೆ ಗೊತ್ತಿಲ್ಲ. ದಿನಾ ಕುಡಿದ ಚಾದಿಂದ ಹುಟ್ಟಿದ ಪ್ರೀತಿ.

ಇಲ್ಲೊಂದು ತಕರಾರು ಬರುತ್ತೆ. ನನ್ನ ಜೊತೆ ಎಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಇದ್ದಾನೆ, ಇಂಥದ್ದೆಲ್ಲ ಬಂದರೆ ಸುಮ್ಮನೆ ಬಿಡುವವನಲ್ಲ. ಅವನ ವಾದ ಹೀಗೆ: ಪ್ರೀತಿ ಅಂದರೆ ಪಕ್ಷಪಾತ ಕಣಯ್ಯಾ. ಅಮ್ಮನ ಮೇಲೆ ಇದ್ದಷ್ಟು ಪ್ರೀತಿ ದಾರಿಹೋಕನ ಮೇಲೆ ಇರುತ್ತಾ? ಇವತ್ತು ಇರುತ್ತೆ, ನಾಳೆ ಇರೋದಿಲ್ಲ. ಅದರ ಮೇಲೆ ನೀತಿಯ ಮನೆ ಕಟ್ಟಿದರೆ ಮೊದಲ ಮಳೆಗೇ ಕುಸಿಯುತ್ತೆ. ಕರ್ತವ್ಯ ಅಂತ ಒಂದು ಗಟ್ಟಿ ಪಾಯ ಬೇಕು.

ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಜರ್ಮನಿಯ ಕಾಂಟ್ 1785ರಲ್ಲೇ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದ. ಮನಸ್ಸಿನಲ್ಲಿ ತಾನಾಗಿ ಹುಟ್ಟುವ ಒಲವನ್ನು ಯಾರೂ ಆಜ್ಞೆ ಮಾಡಿ ಹುಟ್ಟಿಸಲಾಗದು, ಆದ್ದರಿಂದ ಕರ್ತವ್ಯದಿಂದ ಮಾಡಿದ ಉಪಕಾರಕ್ಕೇ ನಿಜವಾದ ನೈತಿಕ ಬೆಲೆ ಅನ್ನೋದು ಅವನ ತರ್ಕ. ಅದಾದ ಸುಮಾರು ಅರವತ್ತು ವರ್ಷಕ್ಕೆ, 1847ರಲ್ಲಿ, ಡೆನ್ಮಾರ್ಕಿನ ಕೀರ್ಕೆಗಾರ್ಡ್ ಪ್ರೀತಿಯ ಕೆಲಸಗಳ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದ. ಅದರಲ್ಲಿ ಸತ್ತವರನ್ನು ನೆನೆಯುವ ಬಗ್ಗೆ ಒಂದು ಅಧ್ಯಾಯ ಇದೆ. ಅವನ ಯೋಚನೆ ನನಗೆ ಅರ್ಥವಾದಂತೆ ಹೀಗೆ: ಪ್ರೀತಿಯಲ್ಲಿ ಸ್ವಾರ್ಥ ಎಷ್ಟಿದೆ ಅಂತ ತಿಳಿಯಬೇಕಾದರೆ ಸತ್ತವರ ಜೊತೆ ನಾವು ಹೇಗೆ ನಡೆದುಕೊಳ್ತೇವೆ ಅಂತ ನೋಡಬೇಕು. ಸತ್ತವನು ತಿರುಗಿ ಏನೂ ಕೊಡೋದಿಲ್ಲ. ಥ್ಯಾಂಕ್ಸ್ ಹೇಳೋದಿಲ್ಲ, ನಾಳೆ ನಮ್ಮ ಕಷ್ಟಕ್ಕೆ ಬರೋದಿಲ್ಲ, ಪ್ರೀತಿಸು ಅಂತ ಒತ್ತಾಯವನ್ನೂ ಮಾಡೋದಿಲ್ಲ. ಆಮೇಲೂ ಉಳಿಯುವ ಪ್ರೀತಿಯಲ್ಲಿ ವ್ಯಾಪಾರ ಇರುವುದಿಲ್ಲ.

ಅಶ್ರಫರ ಇಪ್ಪತ್ತೈದು ವರ್ಷದ ಓಡಾಟ, ಆ ಡ್ರೈವರಿನ ಅರ್ಧ ದಿನ, ಎರಡೂ ಇಂಥ ಪ್ರೀತಿ. ಒಂದು ಪರಿಚಯ ಇದ್ದವನಿಗೆ ಸಂದದ್ದು, ಇನ್ನೊಂದು ಮುಖವನ್ನೇ ನೋಡದವರಿಗೆ. ಮೊದಲನೆಯದರಿಂದ ಎರಡನೆಯದಕ್ಕೆ ಮನುಷ್ಯ ಹೇಗೆ ದಾಟುತ್ತಾನೆ? ಗೆಳೆಯನ ತಕರಾರಿನ ಗಂಟು ಇರೋದು ಇಲ್ಲಿ.

ಇದಕ್ಕೆ ನಮ್ಮ ಭಾಷೆಯಲ್ಲೇ ಒಂದು ಸುಳಿವು ಇದೆ ಅನ್ನಿಸುತ್ತೆ ನನಗೆ. "ಅಂತಃಕರಣ" ಅನ್ನೋ ಪದ ನೋಡಿ. ಸಂಸ್ಕೃತದಲ್ಲಿ ಅದು ಒಳಗಿನ ಇಂದ್ರಿಯ, ಅಂದರೆ ಮನಸ್ಸು ಬುದ್ಧಿಗಳೆಲ್ಲ ಸೇರಿದ್ದು. ತಪ್ಪು ಸರಿ ತೂಗಿ ನೋಡುವ ಮನಸ್ಸಾಕ್ಷಿಗೂ ಅದೇ ಪದ. ಆದರೆ ನಮ್ಮ ಹಳ್ಳಿಯ ಅಜ್ಜಿಯೊಬ್ಬಳು "ಆತ ಅಂತಃಕರಣ ಇರೋ ಮನುಷ್ಯ" ಅಂದರೆ ತತ್ವಶಾಸ್ತ್ರ ಹೇಳುತ್ತಿಲ್ಲ. ಇನ್ನೊಬ್ಬರ ನೋವಿಗೆ ಕರಗುವವನು ಅಂತ ಹೇಳ್ತಿದ್ದಾಳೆ. ಸರಿ ತಪ್ಪು ತಿಳಿಯುವ ಜಾಗ, ನೋವಿಗೆ ಕರಗುವ ಜಾಗ, ಎರಡೂ ಒಂದೇ ಅಂತ ಕನ್ನಡ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ! ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ದಯೆಯನ್ನು ಎಲ್ಲಿ ಇಟ್ಟರು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಪ್ರೀತಿ ಕಲಿಯೋದು ಮನೆಯಲ್ಲೇ, ನಮ್ಮವರ ಮೇಲೇ. ಗೆಳೆಯ ಹೇಳಿದ್ದು ಅಲ್ಲಿಯವರೆಗೆ ಸರಿ. ಆದರೆ ಅಮ್ಮನನ್ನು ನಿಜವಾಗಿ ಪ್ರೀತಿಸಿದವನಿಗೆ ಒಂದು ವಿಷಯ ಬೇಡ ಅಂದರೂ ಗೊತ್ತಾಗಿಬಿಡುತ್ತೆ: ಎದುರಿಗೆ ಬಿದ್ದಿರುವ ಈ ಅಪರಿಚಿತನೂ ಯಾರದೋ ಮಗ. ಯಾವುದೋ ಊರಿನಲ್ಲಿ ಇವನಿಗಾಗಿ ಯಾರೋ ಫೋನಿನ ಪಕ್ಕ ಕೂತಿದ್ದಾರೆ. ಈ ತಿಳಿವಳಿಕೆ ಕರ್ತವ್ಯದ ಪಟ್ಟಿ ಓದಿ ಬರುವಂಥದ್ದಲ್ಲ. ಒಬ್ಬರನ್ನಾದರೂ ಪ್ರೀತಿಸಿ ಗೊತ್ತಿದ್ದರೆ ಬರುತ್ತೆ. ಕರ್ತವ್ಯ ಆಮೇಲೆ, ಅದರ ಹಿಂದೆ ಬರುತ್ತೆ.

ಇದನ್ನು ಇಡೀ ಊರಿಗೆ ಊರೇ ಮಾಡಿ ತೋರಿಸಿದ ಎರಡು ಸಂದರ್ಭಗಳು ನಮ್ಮ ಗಲ್ಫಿನ ದಾರಿಯಲ್ಲೇ ಇವೆ. ಎರಡೂ ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಗಳು, ಎರಡೂ ಗುಡ್ಡದ ತಲೆ ತಟ್ಟಿ ಮಾಡಿದ ರನ್‌ವೇಗಳು.

ಎರಡನೆಯದನ್ನು ಮೊದಲು ಹೇಳ್ತೇನೆ. 2020ರ ಆಗಸ್ಟ್ 7, ಕೋಝಿಕ್ಕೋಡ್. ಕೊರೊನಾ ಕಾಲ, ವಂದೇ ಭಾರತ್ ಯೋಜನೆಯ ವಿಮಾನ. ಸುರಿಯುವ ಮಳೆಯಲ್ಲಿ ರನ್‌ವೇ ದಾಟಿ ಕೆಳಗೆ ಬಿದ್ದು ಮುರಿಯಿತು. 190 ಜನರಲ್ಲಿ ಇಬ್ಬರೂ ಪೈಲಟ್‌ಗಳು ಸೇರಿ 21 ಮಂದಿ ತೀರಿಹೋದರು. ಆ ದಿನಗಳು ನೆನಪಿವೆಯಾ? ಹೊರಗಿನಿಂದ ಬಂದವರು ಅಂದರೆ ಸ್ವಂತ ಓಣಿಯವರೇ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಗಲ್ಫಿನಿಂದ ಬಂದವರು ಅಂದರೆ ಕೇಳೋದೇ ಬೇಡ. ವಿಮಾನ ಬಿದ್ದ ಕೊಂಡೋಟ್ಟಿ ಆಗ ಕಂಟೈನ್ಮೆಂಟ್ ವಲಯ. ಮುಟ್ಟಬಾರದು, ಹತ್ತಿರ ಹೋಗಬಾರದು, ಮನೆಯಿಂದ ಹೊರಗೆ ಬರಬಾರದು ಅನ್ನೋದು ನಿಯಮ. ಅದು ಕೆಟ್ಟ ನಿಯಮವೂ ಆಗಿರಲಿಲ್ಲ. ಆದರೆ ಸದ್ದು ಕೇಳಿದ ಕೂಡಲೇ ಊರಿನವರು ಓಡಿದರು. ತಮ್ಮ ಕಾರು, ರಿಕ್ಷಾಗಳಲ್ಲೇ ಗಾಯಾಳುಗಳನ್ನು ಸಾಗಿಸಿದರು. ಅಪ್ಪ ಅಮ್ಮನಿಂದ ಬೇರೆಯಾದ ಮಕ್ಕಳನ್ನು ಎತ್ತಿಕೊಂಡು, ಫೋಟೋ ಹಂಚಿ ಅವರವರ ಮನೆಯವರನ್ನು ಹುಡುಕಿದರು. ನಡುರಾತ್ರಿ ರಕ್ತ ಕೊಡೋಕೆ ಸಾಲು ನಿಂತರು. ಆಮೇಲೆ ಮಾತಾಡದೆ ಕ್ವಾರಂಟೈನಿಗೆ ಹೋದರು. 2022ರಲ್ಲಿ, ಬದುಕಿ ಉಳಿದವರು ಮತ್ತು ತೀರಿಹೋದವರ ಮನೆಯವರು ತಮಗೆ ಬಂದ ಪರಿಹಾರದ ಹಣದಲ್ಲಿ ಒಂದು ಪಾಲು ತೆಗೆದು, ಸುಮಾರು 50 ಲಕ್ಷ ರೂಪಾಯಿಯಲ್ಲಿ ಆ ಊರಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಟ್ಟಡ ಕಟ್ಟಿಸಿಕೊಡಲು ಮುಂದಾದರು.

ಮೊದಲನೆಯದು ನಮ್ಮದೇ. 2010ರ ಮೇ 22, ಮಂಗಳೂರು. ಆಗ ನಾನಿನ್ನೂ ಹೈಸ್ಕೂಲಿಗೆ ಕಾಲಿಡುವ ಹುಡುಗ, ಬೇಸಿಗೆ ರಜೆ. ದುಬೈಯಿಂದ ಬಂದ ವಿಮಾನ ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ ಬಜ್ಪೆಯಲ್ಲಿ ಇಳಿದು, ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. 166 ಜನರಲ್ಲಿ 158 ಮಂದಿ ಹೋದರು, ಬದುಕಿದವರು ಎಂಟೇ ಜನ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು... ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಅವತ್ತು ಒಂದಾದರೂ ಮನೆಯ ಮುಂದೆ ಜನ ಸೇರಿದ್ದರು. ಕೆಂಜಾರಿನ ಆ ಕಾಡು ಕಣಿವೆಗೆ ಮೊದಲು ಇಳಿದವರು ಅಲ್ಲಿನ ಸುತ್ತಮುತ್ತಲಿನವರೇ.

ಆಮೇಲೆ ಇನ್ನೊಂದು ಕಷ್ಟ ಶುರುವಾಯಿತು. ಬೆಂಕಿಯಲ್ಲಿ ಬೆಂದ ದೇಹಗಳ ಗುರುತು ಹಿಡಿಯೋದು ಹೇಗೆ? ಉಂಗುರ, ವಾಚು, ಬಟ್ಟೆಯ ತುಂಡು ನೋಡಿ ಮನೆಯವರು ಗುರುತಿಸಿದರು, ಒಯ್ದರು. ಉಳಿದವುಗಳಿಗೆ ಹೈದರಾಬಾದಿನ ಸಂಸ್ಥೆಯಿಂದ ಡಿಎನ್‌ಎ ಪರೀಕ್ಷೆ ಆಯಿತು. ಕೊನೆಗೂ 12 ದೇಹಗಳು ಯಾರ ಮಾದರಿಗೂ ಹೊಂದಲಿಲ್ಲ. ಆ ಗೊಂದಲದಲ್ಲಿ ಕೆಲವು ದೇಹಗಳು ಅದಲು ಬದಲಾಗಿ ಬೇರೆಯವರ ಮನೆ ಸೇರಿರಬೇಕು ಅಂತ ಆಗಲೇ ಮಾತು ಬಂತು. ಅಂದರೆ ಯಾರೋ ಯಾರದೋ ಮಗನನ್ನು ತಮ್ಮ ಮಗ ಅಂದುಕೊಂಡು ಸ್ನಾನ ಮಾಡಿಸಿ, ಅತ್ತು, ಮಣ್ಣು ಮಾಡಿರಬಹುದು, ಚಿತೆಗೆ ಬೆಂಕಿ ಇಟ್ಟಿರಬಹುದು.

ದೊಡ್ಡವನಾದ ಮೇಲೆ ಇದನ್ನು ಯೋಚಿಸಿದಾಗಲೆಲ್ಲ ಎದೆ ಝಲ್ಲೆನ್ನುತ್ತೆ. ಆ ಕಣ್ಣೀರು ವಿಳಾಸ ತಪ್ಪಿದ ಕಾಗದದ ಹಾಗೆ ಸುಮ್ಮನೆ ಹೋಯಿತಾ? ಹಾಗನ್ನಿಸೋದಿಲ್ಲ ನನಗೆ. ಹಾಗೆ ಆಗಿದ್ದರೆ, ಒಬ್ಬ ಅಪರಿಚಿತನಿಗೆ ಒಂದು ತಾಯಿ ತನ್ನ ಹೊಟ್ಟೆಯ ಮಗನಿಗೆ ಕೊಡುವಷ್ಟೂ ಪ್ರೀತಿಯನ್ನು ಕೊಟ್ಟು ಕಳಿಸಿದಳು. ಅವನ ಸ್ವಂತ ತಾಯಿ ಇದಕ್ಕಿಂತ ಹೆಚ್ಚಿನದನ್ನು ಏನು ಬಯಸಿಯಾಳು? ರಾಯಚೂರಿನ ಆಯಮ್ಮ ಫೋನಿನಲ್ಲಿ ಕೇಳಿದ್ದು ಇದನ್ನೇ ಅಲ್ಲವೇ?

ಪ್ರೀತಿ ಇದ್ದರೆ ಸಾಕು, ನಿಯಮ ಬೇಡ ಅಂತ ನಾನು ಹೇಳ್ತಿಲ್ಲ. ದಯವಿಟ್ಟು ಹಾಗೆ ಓದಬೇಡಿ. ಸಂಬಳ ಕೊಡದ ಮಾಲೀಕನಿಗೆ ಪ್ರೀತಿಯ ಪಾಠ ಹೇಳಿ ಪ್ರಯೋಜನ ಇಲ್ಲ, ಅಲ್ಲಿ ಕಾನೂನೇ ಬೇಕು. ಇಲ್ಲಿ 2005ರಿಂದ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಬಿಸಿಲಿನಲ್ಲಿ ಕೂಲಿಯವರಿಂದ ಕೆಲಸ ಮಾಡಿಸುವ ಹಾಗಿಲ್ಲ. ಆ ನಿಯಮದಿಂದ ಎಷ್ಟು ಜೀವ ಉಳಿದಿದೆಯೋ. ಆದರೆ ನಿಯಮ ಮೊದಲು ಹುಟ್ಟೋದು ಎಲ್ಲಿ ಅಂತ ನೋಡಿ. ನಮ್ಮ ವಿಮಾನಗಳಲ್ಲಿ ಮೊದಲು ಶವವನ್ನು ತೂಕ ಹಾಕಿ ದರ ವಸೂಲು ಮಾಡುತ್ತಿದ್ದರು. ಕಿಲೋಗೆ ಇಂತಿಷ್ಟು. ಖರ್ಜೂರದ ಪೆಟ್ಟಿಗೆ, ಟೀವಿ, ಮನುಷ್ಯ, ಎಲ್ಲಕ್ಕೂ ಒಂದೇ ತಕ್ಕಡಿ! ಕಾರ್ಗೋ ನಿಯಮದ ಪ್ರಕಾರ ಅದರಲ್ಲಿ ತಪ್ಪು ಇರಲಿಲ್ಲ. ಆದರೆ ತಕ್ಕಡಿಯ ಪಕ್ಕ ನಿಂತು ನೋಡಿದವರಿಗೆ ತಡೆಯಲಾಗಲಿಲ್ಲ. ವರ್ಷಗಟ್ಟಲೆ ಕೇಳಿದರು, ಮನವಿ ಕೊಟ್ಟರು. 2019ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಯುಎಇಯಿಂದ ದೇಹ ಒಯ್ಯಲು ತೂಕ ಬಿಟ್ಟು ನಿಗದಿತ ದರ ಮಾಡಿದವು: ದೊಡ್ಡವರಿಗೆ 1500 ದಿರ್ಹಂ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 750. ದುಡ್ಡೇ ಇಲ್ಲದವರಿಗಾಗಿ ದೂತಾವಾಸಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಇಂಥ ಪ್ರತಿ ನಿಯಮದ ಹಿಂದೆಯೂ, ಅದು ಬರುವುದಕ್ಕಿಂತ ಮುಂಚೆ, ನೋಡಲಾರದೆ ಕಣ್ಣು ಒದ್ದೆ ಮಾಡಿಕೊಂಡ ಯಾರೋ ಒಬ್ಬರು ಇರಲೇಬೇಕು ಅಂತ ನನ್ನ ನಂಬಿಕೆ.

ಪ್ರೀತಿಯಿಂದ ಸಂಕಟ ಕಡಿಮೆ ಆಗುತ್ತಾ? ಪ್ರಾಮಾಣಿಕವಾಗಿ ಹೇಳಬೇಕು ಅಂದರೆ, ಬಹಳ ಸಲ ಇಲ್ಲ. ರಾಯಚೂರಿನ ಮನೆಯಲ್ಲಿ ಗಂಡ ತಿರುಗಿ ಬರಲಿಲ್ಲ. ಆ 158 ಮಂದಿಯಲ್ಲಿ ಯಾರೂ ತಿರುಗಿ ಬರಲಿಲ್ಲ. ಯಾಕೆ ನಮಗೇ ಹೀಗಾಯಿತು ಅನ್ನೋ ಪ್ರಶ್ನೆಗೆ ಅಶ್ರಫರ ಹತ್ತಿರವೂ ಉತ್ತರ ಇಲ್ಲ, ಆ ಡ್ರೈವರಿನ ಹತ್ತಿರವೂ ಇಲ್ಲ. ಅವರು ಉತ್ತರ ಕೊಡೋಕೆ ಹೋಗಲೂ ಇಲ್ಲ. ಸಂಕಟದಲ್ಲಿ ಇರುವವರನ್ನು ಒಬ್ಬರೇ ಬಿಡಲಿಲ್ಲ, ಅಷ್ಟೇ. ಆ ಅಷ್ಟೇ ಇಲ್ಲದಿದ್ದರೆ ನಮ್ಮ ಉಳಿದ ನೀತಿ ನಿಯಮಗಳಿಗೆಲ್ಲ ನಿಲ್ಲೋಕೆ ನೆಲವೇ ಇರೋದಿಲ್ಲ ಅನ್ಸುತ್ತೆ ನನಗೆ.

ಆ 12 ದೇಹಗಳ ಕಥೆ ಅರ್ಧಕ್ಕೆ ಬಿಟ್ಟೆ. ಮಂಗಳೂರಿನ ಕೂಳೂರಿನಿಂದ ತಣ್ಣೀರುಬಾವಿಗೆ ಹೋಗುವ ಕಡೆ, ಫಲ್ಗುಣಿ ನದಿಯ ಬದಿಯಲ್ಲಿ ಅವರನ್ನು ಮಣ್ಣು ಮಾಡಿದರು. ಯಾರು ಹಿಂದೂ, ಯಾರು ಮುಸ್ಲಿಂ, ಯಾರು ಕ್ರೈಸ್ತ ಅಂತ ಗೊತ್ತಿರಲಿಲ್ಲ, ಹಾಗಾಗಿ ಎಲ್ಲ ಧರ್ಮದವರ ಪ್ರಾರ್ಥನೆಯೂ ಆಯಿತು. ಈಗ ಅಲ್ಲೊಂದು ಸ್ಮಾರಕ ಉದ್ಯಾನ ಇದೆ. ಮೇ 22ಕ್ಕೆ ಜಿಲ್ಲಾಡಳಿತದವರು ಅಲ್ಲಿಗೆ ಬಂದು ಹೂವು ಇಟ್ಟು ಹೋಗ್ತಾರೆ.

ಊರಿಗೆ ಹೋದಾಗ ಆ ದಾರಿಯಲ್ಲಿ ಹಾದುಹೋಗುವವರು ಐದು ನಿಮಿಷ ಇಳಿದು ನೋಡಿ ಬನ್ನಿ. ಯಾರ ಮನೆಯವರು ಅಂತ ಗೊತ್ತಿಲ್ಲದ ಕಾರಣಕ್ಕೇ ಎಲ್ಲರ ಮನೆಯವರಾಗಿ ಮಲಗಿದ್ದಾರೆ.